ಅಕ್ಕನ ದನಿಯ ಹನ್ನೊಂದು ನಿಮಿಷ

ಆಪರೇಷನ್ನಿಗೆ ಮುಂಚಿನ ಐದು ದಿನ ನಾನು ಅಕ್ಕನಿಗೆ ಹೇಳುತ್ತಿದ್ದದ್ದು ಒಂದೇ ಮಾತು. ‘ಮಾತಾಡ್ಬೇಡ ಕಣಕ್ಕ, ಗಂಟ್ಲು ನೋಯ್ತದೆ. ಸುಮ್ಕಿರು.’

ಮೈಸೂರಿನ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚ ಅವಳದು. ಧ್ವನಿಪೆಟ್ಟಿಗೆಯಲ್ಲಿ ಗೆಡ್ಡೆ, ಅದನ್ನು ಪೂರ್ತಿ ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದರು. ಕತ್ತಿನ ಮುಂಭಾಗದಲ್ಲಿ ಒಂದು ರಂಧ್ರ ಮಾಡುತ್ತೇವೆ, ಇನ್ನು ಉಸಿರಾಟವೆಲ್ಲ ಅದರಿಂದಲೇ, ದನಿ ಇರುವುದಿಲ್ಲ ಎಂದೂ ಬಿಡಿಸಿ ಹೇಳಿದ್ದರು. ನಾನು ಎಲ್ಲ ಕೇಳಿಸಿಕೊಂಡು, ತಲೆಯಾಡಿಸಿ, ಕಾಗದಗಳಿಗೆ ಸಹಿ ಹಾಕಿದ್ದೆ. ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತೆಯಾಗಿ ಕೆಲಸ ಮಾಡಿದವಳಿಗೆ ಸಹಿ ಹಾಕುವುದು ಕಷ್ಟವಲ್ಲ. ದನಿ ಇರುವುದಿಲ್ಲ ಎಂದರೆ ಏನು ಎಂಬುದು ಮಾತ್ರ ತಲೆಗೆ ಇಳಿದಿರಲಿಲ್ಲ.

ಅಕ್ಕ ಒಡೆದ ಗಂಟಲಲ್ಲೇ ಹೇಳುತ್ತಿದ್ದಳು. ಕೆಂದ ಹಸುವಿನ ಎಡಗಡೆಯಿಂದ ಹೋದರೆ ಒದೆಯುತ್ತದೆ. ಅರಿಸಿನದ ಬಿತ್ತನೆ ಗೆಡ್ಡೆಯ ಮೇಲೆ ಹುಲ್ಲು ಮುಚ್ಚಿದ್ದೇನೆ, ನಿಮ್ಮ ಬಾವನಿಗೆ ಅದು ಗೊತ್ತಿಲ್ಲ. ಮಗಳ ಕೂಸಿಗೆ ಎಣ್ಣೆ ಹಚ್ಚುವಾಗ ನೆತ್ತಿ ಒತ್ತಬಾರದು. ಪ್ರತಿ ಮಾತಿಗೂ ನಾನು ಅವಳ ಕೈ ಅದುಮಿ ಸುಮ್ಮನಿರಿಸಿದೆ. ಆಪರೇಷನ್ ದಿನ ಬೆಳಿಗ್ಗೆ, ತಳ್ಳುವ ಮಂಚಕ್ಕೆ ಹತ್ತಿಸಿದ ಮೇಲೆ ಅವಳು ನನ್ನ ಮಣಿಕಟ್ಟು ಹಿಡಿದು ‘ಅಮ್ಮೀ, ಒಂದ್ ಮಾತು’ ಅಂದಳು.

‘ಆಮ್ಯಾಕೆ ಏಳೀವಂತೆ, ಈಗ ಸುಮ್ಕಿರಕ್ಕ’ ಅಂದೆ.

ಅವಳು ಸುಮ್ಮನಾದಳು. ತಿಂಗಳುಗಳ ಮೇಲೆ ಆ ಮಾತು ಏನಾಗಿತ್ತೆಂದು ಕೇಳಿದಾಗ, ನೆನಪಿಲ್ಲ ಎಂದು ಕೈಯಾಡಿಸಿಬಿಟ್ಟಳು. ನಿಜವಾಗಿಯೂ ಮರೆತಿದ್ದಳೋ, ನನ್ನನ್ನು ಉಳಿಸಲು ಹಾಗೆ ಮಾಡಿದಳೋ ನನಗೆ ತಿಳಿಯದು.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಗುಂಡ್ಲುಪೇಟೆ ಹತ್ತಿರದ ಹಂಗಳದಲ್ಲಿ ಬಾವನಿಗೆ ಮೂರೂವರೆ ಎಕರೆ ಜಮೀನು. ಆಚೆ ಬೇಲಿಯಿಂದ ಒಂದು ಕೂಗಳತೆಗೆ ಕಾಡು. ಅಂಥ ಕಡೆ ಬೇಸಾಯ ಮಾಡುವವರಿಗೆ ಗಂಟಲು ಕೂಡ ಒಂದು ಸಾಮಾನು. ಹಗಲು ಕೋತಿ, ನವಿಲು, ಕತ್ತಲಾದರೆ ಹಂದಿ. ಅಕ್ಕನ ಕೂಗಿಗೆ ಪಕ್ಕದ ಜಮೀನಿನವರೂ ಕೆಲಸ ಬಿಟ್ಟು ತಲೆಯೆತ್ತುತ್ತಿದ್ದರು. ಮದುವೆ ಮನೆಯಲ್ಲಿ ಊಟಕ್ಕೆ ಎಬ್ಬಿಸುವುದು, ಬಸ್ಸು ನಿಲ್ಲಿಸುವುದು, ಜಗಳ ಬಿಡಿಸುವುದು ಎಲ್ಲಕ್ಕೂ ಅವಳೇ ಬೇಕಿತ್ತು. ನಾನು ಚಾಮರಾಜನಗರದಲ್ಲಿ ಒಬ್ಬಳೇ ಇರುವವಳು, ಮದುವೆ ಆಗಲಿಲ್ಲ. ಅವಳು ಫೋನು ಮಾಡಿದರೆ ಕಿವಿಯಿಂದ ಅರ್ಧ ಗೇಣು ದೂರ ಹಿಡಿದು ಮಾತಾಡುತ್ತಿದ್ದೆ.

ಆಸ್ಪತ್ರೆಯಿಂದ ಬಂದು, ಆರು ವಾರ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿಕೊಂಡು ಹಂಗಳದ ಮನೆಗೆ ಹಿಂತಿರುಗಿದ ಅಕ್ಕ ಕತ್ತಿಗೆ ತೆಳು ಬಟ್ಟೆ ಕಟ್ಟಿಕೊಂಡು ಓಡಾಡತೊಡಗಿದಳು. ಕತ್ತಿಗೆ ಒತ್ತಿಹಿಡಿದು ಮಾತಾಡುವ ಒಂದು ಯಂತ್ರವನ್ನು ಆಸ್ಪತ್ರೆಯಲ್ಲಿ ತೋರಿಸಿ ಕಲಿಸಿದ್ದರು. ಅದರಿಂದ ಬರುವ ದನಿ ಗುಂಯ್‌ಗುಡುತ್ತಿತ್ತು. ಅಕ್ಕ ಎರಡು ದಿನ ಪ್ರಯತ್ನಿಸಿ, ಅದನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಳು. ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದಳು, ದೂರದಲ್ಲಿದ್ದರೆ ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿಯುತ್ತಿದ್ದಳು. ಹೆಚ್ಚು ಹೇಳುವುದಿದ್ದರೆ ಸ್ಲೇಟು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಾದ್ದರಿಂದ ಬರೆಯುವುದು ನಿಧಾನ. ಮಾತಾಡುತ್ತಿದ್ದ ಹಾಗೆಯೇ ಬರೆಯುತ್ತಿದ್ದಳು. ‘ಹೋಗು’ ಅವಳ ಸ್ಲೇಟಿನಲ್ಲಿ ‘ಓಗು’.

ಒಂದು ಭಾನುವಾರ ನಾನು ಹಂಗಳಕ್ಕೆ ಹೋಗಿದ್ದೆ. ಅಕ್ಕನ ಮಗಳೂ ಗುಂಡ್ಲುಪೇಟೆಯ ಗಂಡನ ಮನೆಯಿಂದ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಅಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮಗಳು ಯಾವುದೋ ಫೋಟೋ ತೋರಿಸಲು ಫೋನಿನಲ್ಲಿ ಹುಡುಕುವಾಗ ಒಂದು ವಿಡಿಯೋ ತಾನಾಗಿ ಓಡಿತು.

‘ಏ, ಅದ ಆಫ್ ಮಾಡಮ್ಮಿ! ನನ್ನ ಮಕ ಏನ್ ತಗೀತೀಯ, ಒಲೆ ಮ್ಯಾಲೆ ಸಾರು ಉಕ್ತಾ ಅದೆ ನೋಡ್ ಓಗು!’

ಅಕ್ಕನ ದನಿ, ಹಳೆಯದು, ಪೂರ್ತಿ. ಮಗಳು ಗಾಬರಿಯಿಂದ ಫೋನನ್ನು ಸೀರೆಯಲ್ಲಿ ಮುಚ್ಚಿಕೊಂಡಳು. ಕೊಟ್ಟಿಗೆಯಲ್ಲಿದ್ದ ಬಾವ ಹುಲ್ಲಿನ ಹೊರೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಅಕ್ಕ ಒಂದು ಕ್ಷಣ ತಲೆಯೆತ್ತಿ ನಮ್ಮೆಲ್ಲರನ್ನೂ ನೋಡಿ, ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಸಂಜೆ ಬಸ್ಸಿಗೆ ಹೊರಟಾಗ ಮಗಳು ನನ್ನ ಜೊತೆ ರಸ್ತೆವರೆಗೆ ಬಂದಳು. ‘ಚಿಕ್ಕವ್ವ, ಇಂಥವು ಇನ್ನೂ ಅವೆ ನನ್ ಫೋನಲ್ಲಿ. ಒಂದೊಂದು ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು. ಅಳಿಸೋಕೂ ಆಗಲ್ಲ, ನೋಡೋಕೂ ಆಗಲ್ಲ.’

‘ಎಲ್ಲಾ ನಂಗೆ ಕೊಡು, ಸೇರುಸ್ತೀನಿ’ ಅಂದೆ. ಹೇಗೆ ಸೇರಿಸುವುದು ಎಂಬುದರ ಗಂಧವೂ ನನಗಿರಲಿಲ್ಲ.

ಮಗಳ ಫೋನಿನಿಂದ ನಲವತ್ತೆಂಟು ತುಣುಕು ಸಿಕ್ಕಿದವು. ನೆಂಟರ ವಾಟ್ಸಾಪ್ ಗುಂಪಿನಿಂದ ಇನ್ನೊಂದಷ್ಟು. ಬಾವನ ಹಳೆಯ ಫೋನು ನೀರಿನ ತೊಟ್ಟಿಗೆ ಬಿದ್ದು ಕೆಟ್ಟಿತ್ತು. ಅದರಲ್ಲಿದ್ದದ್ದು ಸಿಗಲಿಲ್ಲ. ನನ್ನ ಫೋನಿನಲ್ಲಿ ಹುಡುಕಿದೆ. ಹೂವಿನ ಹೊಲ, ಕಚೇರಿಯ ಬೀಳ್ಕೊಡುಗೆ, ಗೋಪಾಲಸ್ವಾಮಿ ಬೆಟ್ಟದ ಮಂಜು ಎಲ್ಲ ಇದ್ದವು. ಅಕ್ಕ ಇದ್ದದ್ದು ಮೂರರಲ್ಲಿ ಮಾತ್ರ. ನನಗೆ ನಾಚಿಕೆಯಾಯಿತು.

ನನ್ನ ಲ್ಯಾಪ್‌ಟಾಪಿನ ಜೊತೆಯಲ್ಲೇ ಬಂದಿದ್ದ ಒಂದು ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರನ್ನು ಅಲ್ಲಿಯವರೆಗೆ ನಾನು ತೆರೆದೇ ಇರಲಿಲ್ಲ. ಆರಂಭದವರಿಗೆ ಎಂದು ಮಾಡಿದ್ದು. ಮೇಲೆ ಚಿತ್ರ ಕಾಣುವ ಚೌಕ, ಕೆಳಗೆ ಟೈಮ್‌ಲೈನ್ ಎಂಬ ಉದ್ದನೆಯ ಪಟ್ಟಿ. ತುಣುಕುಗಳನ್ನು ಎಳೆದು ಆ ಪಟ್ಟಿಯ ಮೇಲೆ ಒಂದರ ಪಕ್ಕ ಒಂದು ಇಡಬೇಕು. ಬೇಡದ್ದನ್ನು ಕತ್ತರಿಸಬೇಕು. ಕಚೇರಿಯಲ್ಲಿ ಕಡತ ಹೊಲಿದ ಕೈಗೆ ಇದು ಕಷ್ಟವಾಗಬಾರದು ಅಂದುಕೊಂಡೆ. ಆದರೆ ಮೊದಲ ವಾರವೆಲ್ಲ ಒಂದು ತುಣುಕನ್ನು ಎಳೆದರೆ ಇನ್ನೊಂದು ಜಾರಿ ಎಲ್ಲಿಗೋ ಹೋಗುತ್ತಿತ್ತು. ಬಾಯಿ ಒಂದು ಕಡೆ ಆಡಿ ಮಾತು ಇನ್ನೊಂದು ಕಡೆ ಕೇಳಿಸುತ್ತಿತ್ತು. ಬೆಳಿಗ್ಗೆ ಕಚೇರಿಗೆ ಹೋಗುವ ಮುಂಚೆ ಒಂದು ಗಂಟೆ, ಭಾನುವಾರ ಹಂಗಳಕ್ಕೆ ಹೋಗದಿದ್ದರೆ ಮಧ್ಯಾಹ್ನವೆಲ್ಲ ಅದರ ಮುಂದೆ ಕೂರುತ್ತಿದ್ದೆ.

ಎರಡು ತುಣುಕಿನ ನಡುವೆ ಹೃದಯದ ಆಕಾರ ಬಿಚ್ಚಿಕೊಳ್ಳುವ ಹಾಗೆ, ಪುಟ ಮಗುಚುವ ಹಾಗೆ ಮಾಡುವ ಬಟನ್ನುಗಳಿದ್ದವು. ಎಲ್ಲವನ್ನೂ ಬಳಸಿದೆ. ಕೆಳಗೆ ಕೊಳಲಿನ ಸಂಗೀತ ಹಾಕಿದೆ. ನಾಲ್ಕು ನಿಮಿಷದಷ್ಟು ಸಿದ್ಧವಾದಾಗ ನನಗೇ ಮೆಚ್ಚುಗೆಯಾಯಿತು.

ಆಮೇಲೆ ಒಂದು ದಿನ ಬೆಳಿಗ್ಗೆ ತೆರೆದರೆ ಎಲ್ಲ ತುಣುಕೂ ಬರಿ ಬೂದು ಚೌಕ, ಮೇಲೊಂದು ಕೆಂಪು ಗುರುತು. ಒಂದೂ ಓಡಲಿಲ್ಲ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆಂದು ಹಿಂದಿನ ದಿನ ನಾನು ಮೂಲ ವಿಡಿಯೋಗಳಿದ್ದ ಫೋಲ್ಡರನ್ನು ಅಳಿಸಿಬಿಟ್ಟಿದ್ದೆ. ಸಿನಿಮಾ ಮಾಡಿದ ಮೇಲೆ ಬಿಡಿ ತುಣುಕು ಯಾಕೆ ಬೇಕು ಎಂಬುದು ನನ್ನ ತಿಳುವಳಿಕೆ. ಆ ಸಾಫ್ಟ್‌ವೇರು ತುಣುಕನ್ನು ಒಳಗೆ ಇಟ್ಟುಕೊಳ್ಳುವುದಿಲ್ಲ, ಎಲ್ಲಿದೆ ಎಂದು ಬರೆದಿಟ್ಟುಕೊಳ್ಳುತ್ತದೆ ಅಷ್ಟೆ ಎಂಬುದು ನನಗೆ ಗೊತ್ತಿರಲಿಲ್ಲ. ಎಲ್ಲ ನನ್ನ ಬಳಿ ಇವೆಯೆಂದು ಮಗಳೂ ತನ್ನ ಫೋನಿನಿಂದ ಅಳಿಸಿಬಿಟ್ಟಿದ್ದಳು. ಕಚೇರಿಗೆ ರಜೆ ಹೇಳಿ ಗುಂಡ್ಲುಪೇಟೆ ಬಸ್ಸು ಹತ್ತಿದೆ. ಅಲ್ಲಿ ಅಕ್ಕನ ಮಗಳ ಮದುವೆಯ ವಿಡಿಯೋ ತೆಗೆದ ಸ್ಟುಡಿಯೋ ಇತ್ತು.

ಸ್ಟುಡಿಯೋದವರಿಗೆ ಅರವತ್ತು ದಾಟಿದೆ. ಮೊದಲು ಮದುವೆಗಳಿಗೆ ಹೆಗಲ ಮೇಲೆ ದೊಡ್ಡ ಕ್ಯಾಮೆರಾ ಹೊತ್ತು ಹೋಗುತ್ತಿದ್ದವರು, ಈಗ ಹೆಚ್ಚಾಗಿ ಪಾಸ್‌ಪೋರ್ಟ್ ಅಳತೆಯ ಫೋಟೋ. ಲ್ಯಾಪ್‌ಟಾಪಿನ ಕಸದ ಬುಟ್ಟಿಯನ್ನು ತೆರೆದು ನೋಡಿದರು.

‘ಇಲ್ಲೇ ಅವಲ್ಲ ಮೇಡಂ. ಬುಟ್ಟೀಲಿ ಅವೆ, ಇನ್ನೂ ಸುಟ್ಟಿಲ್ಲ’ ಅಂದರು.

ಅವರು ಎರಡು ಕಡೆ ಕಾಪಿ ಮಾಡಿಕೊಟ್ಟರು. ಆಮೇಲೆ ನಾನು ಮಾಡಿದ ನಾಲ್ಕು ನಿಮಿಷವನ್ನು ನೋಡುತ್ತೇನೆಂದು ಹಾಕಿದರು. ಕೊನೆಯವರೆಗೂ ನೋಡಿದರು.

‘ಯಾರಿವ್ರು?’

‘ನಮ್ಮಕ್ಕ. ಗಂಟ್ಲು ಆಪರೇಷನ್ ಆಗಿದೆ. ಈಗ ದನಿ ಇಲ್ಲ.’

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ‘ಹಂಗಾರೆ ಈ ಕೊಳಲು ಯಾಕೆ ಮೇಡಂ? ಅವ್ರ ಮಾತು ಕೇಳ್ಲಿ ಅಂತ ತಾನೆ ಮಾಡ್ತಿರೋದು? ಅದರ ಮ್ಯಾಲೆ ಪೀಪಿ ಊದ್ಬುಟ್ರೆ ಎಂಗೆ?’ ಹೃದಯದ ಆಕಾರಗಳ ಬಗ್ಗೆ ಏನೂ ಹೇಳಲಿಲ್ಲ, ತಾವೇ ಒಂದೊಂದಾಗಿ ತೆಗೆದರು. ‘ತುಣುಕೆಲ್ಲಾ ತಾರೀಕಿನ ಪ್ರಕಾರ ಇಡಿ. ಕತ್ರಿ ಹಾಕೋಕ್ ಮುಂಚೆ ಒಂದ್ಸಲ ಮೊದ್ಲಿಂದ ಕೊನೇವರೆಗೂ ಸುಮ್ನೆ ಕೂತ್ಕೊಂಡು ಕೇಳಿ. ನಾವು ಮದ್ವೆ ಕ್ಯಾಸೆಟ್‌ಗೂ ಹಂಗೇ ಮಾಡ್ತಿದ್ದದ್ದು.’

ಅವರು ಹೇಳಿದ ಹಾಗೆ ಮಾಡಿದೆ. ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು, ಎಲ್ಲ ತುಣುಕನ್ನೂ ತಾರೀಕಿನ ಪ್ರಕಾರ ಜೋಡಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತೆ.

ಮೊದಲಲ್ಲಿ ಮಗಳ ಮದುವೆ. ಅಕ್ಕ ಛತ್ರದ ಬಾಗಿಲಲ್ಲಿ ನಿಂತು ಗಂಡಿನ ಕಡೆಯವರನ್ನು ಊಟಕ್ಕೆ ಕರೆಯುತ್ತಿದ್ದಳು. ಆಮೇಲೆ ಗೋಪಾಲಸ್ವಾಮಿ ಬೆಟ್ಟ. ಮೇಲೆ ಹೋಗುವ ಸರ್ಕಾರಿ ಬಸ್ಸಿನ ಇಂಜಿನ್ ಸದ್ದಿನಲ್ಲೂ ಅವಳ ಮಾತು ಒಂದಕ್ಷರ ಬಿಡದೆ ಕೇಳುತ್ತಿತ್ತು. ಬಾವ ಟೋಪಿ ತಂದಿಲ್ಲವೆಂದು ಬಯ್ಯುತ್ತಿದ್ದಳು. ಆಮೇಲೆ ಹೊಲ. ಟೊಮೊಟೊಗೆ ಬಿದ್ದ ಕೋತಿಗಳ ಹಿಂದೆ ಅವಳು ಓಡುವುದನ್ನು ಮಗಳು ನಗುತ್ತಾ ತೆಗೆದದ್ದು. ‘ಏ ಮುಂಡೇವಾ, ನಿಂತ್ಕಳಿ! ಬಂದೆ, ಕಾಲ್ ಮುರೀತೀನಿ! ಎಲ್ಲಿದ್ದೀಯಾ, ಕೇಳುಸ್ತಾ? ಬಾ ಬ್ಯಾಗ, ಕೋತಿ ಬಂದವೆ!’ ಕೊನೆಯ ಮಾತು ಬಾವನಿಗೆ.

ಆಮೇಲೆ ಮಗಳ ಸೀಮಂತ. ಅಲ್ಲಿ ನಾನು ಇಯರ್‌ಫೋನ್ ಒತ್ತಿಕೊಂಡೆ. ದನಿಯ ಅಂಚಿನಲ್ಲಿ ಏನೋ ಸಣ್ಣದೊಂದು, ಒಣಗಿದ ಎಲೆ ಉಜ್ಜಿದ ಹಾಗೆ. ಮುಂದಿನದರಲ್ಲಿ ಅದು ಇನ್ನಷ್ಟು. ದೀಪಾವಳಿಯದರಲ್ಲಿ ಅವಳು ಒಂದು ಮಾತಿನ ನಡುವೆ ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ಕೂಸು ಹುಟ್ಟಿದ ವಾರದ್ದರಲ್ಲಿ ಕೂಗಲು ಹೋಗಿ ಅರ್ಧದಲ್ಲಿ ದನಿ ಬಿದ್ದು, ಕೈಸನ್ನೆ ಮಾಡಿದಳು. ಸೀಮಂತದಿಂದ ಈಚೆಗೆ, ಬಿಡಿ ಬಿಡಿಯಾಗಿ, ನಮ್ಮೆಲ್ಲರ ಕಣ್ಣೆದುರಿಗೇ ಆದದ್ದು. ಪಕ್ಕ ಪಕ್ಕ ಜೋಡಿಸಿದಾಗ ಇಪ್ಪತ್ತು ನಿಮಿಷದಲ್ಲಿ ಕೇಳಿಸಿಬಿಟ್ಟಿತು.

ಕೊನೆಯದು ಕೂಸಿಗೆ ಹೆಸರಿಡುವ ಶಾಸ್ತ್ರ. ಅಕ್ಕ ತೊಟ್ಟಿಲ ಪಕ್ಕ ನಿಂತು ಯಾರನ್ನೋ ಕರೆದಳು. ಬಂದದ್ದು ಬರಿ ಕರಕರ ಸದ್ದು. ಆಗ ಕ್ಯಾಮೆರಾದ ಆಚೆಯಿಂದ ಒಂದು ಹೆಣ್ಣುದನಿ: ‘ಏನಕ್ಕ, ಕೂಗಿ ಕೂಗಿ ಗಂಟ್ಲು ಸವ್ದೋಯ್ತಾ? ಇನ್ನಾದ್ರೂ ಬಾವಂಗೆ ಕಿವಿ ತಣ್ಗಿರ್ತದೆ ಬುಡು!’ ಅದರ ಹಿಂದೆಯೇ ಜೋರಾಗಿ ನಗು. ಸುತ್ತ ಇದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕಳು.

ಆ ದನಿ ನನ್ನದು.

ಹಾಗೆ ಅಂದದ್ದು ನನಗೆ ನೆನಪೇ ಇರಲಿಲ್ಲ. ಮತ್ತೆ ಹಾಕಿದೆ. ಮತ್ತೊಂದು ಸಲ ಹಾಕಿದೆ. ಅಂದೇ ಅವಳ ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ದಿದ್ದರೆ ಎಂದು ಲೆಕ್ಕ ಹಾಕಿದೆ. ಅಲ್ಲಿಂದ ಡಾಕ್ಟರ ಬಳಿ ಹೋಗಲು ನಮಗೆ ಇನ್ನೂ ನಾಲ್ಕು ತಿಂಗಳು ಹಿಡಿದಿತ್ತು. ಅಡುಗೆ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆ ತುಣುಕನ್ನು ಪಟ್ಟಿಯ ಮೇಲೆ ತಂದು, ನನ್ನ ಮಾತು ಶುರುವಾಗುವ ಜಾಗದಲ್ಲಿ ಒಂದು ಗೆರೆ, ನಗು ಮುಗಿಯುವ ಜಾಗದಲ್ಲಿ ಒಂದು ಗೆರೆ ಕತ್ತರಿಸಿ, ನಡುವಿನ ಆರು ಸೆಕೆಂಡನ್ನು ತೆಗೆದುಹಾಕಿದೆ. ಬೆರಳು ಸ್ವಲ್ಪವೂ ತಡವರಿಸಲಿಲ್ಲ. ಅಷ್ಟರಲ್ಲಿ ನಾನು ಕೆಲಸ ಕಲಿತಿದ್ದೆ.

ಬೇಡದ್ದನ್ನೆಲ್ಲ ಕತ್ತರಿಸಿದ ಮೇಲೆ ಹನ್ನೊಂದು ನಿಮಿಷವಾಯಿತು. ಪೆನ್‌ಡ್ರೈವಿಗೆ ಹಾಕಿಕೊಂಡು, ಅಕ್ಕನ ಮಗಳಿಗೂ ಬರಲು ಹೇಳಿ, ಮುಂದಿನ ವಾರ ಹಂಗಳಕ್ಕೆ ಹೋದೆ. ಅಕ್ಕನಿಗೆ ಮುಂಚೆಯೇ ಕೇಳಿದ್ದೆ, ನಿನ್ನ ಹಳೇ ವಿಡಿಯೋ ಸೇರಿಸುತ್ತಿದ್ದೇನೆ, ನೋಡುತ್ತೀಯಾ ಎಂದು. ಸ್ಲೇಟಿನಲ್ಲಿ ‘ನೋಡನ’ ಎಂದು ಬರೆದಿದ್ದಳು.

ಊಟವಾದ ಮೇಲೆ ಟಿವಿಗೆ ಹಾಕಿದೆ. ಬಾವ ನೆಲದ ಮೇಲೆ ಗೋಡೆಗೊರಗಿ ಕೂತರು. ಮಗಳು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅಕ್ಕ ಕುರ್ಚಿ ಬೇಡವೆಂದು ಟಿವಿಯ ಹತ್ತಿರವೇ ಚಾಪೆ ಎಳೆದುಕೊಂಡಳು. ಛತ್ರದ ಬಾಗಿಲಲ್ಲಿ ಅವಳ ಮೊದಲ ಕೂಗು ಕೇಳಿದಾಗ ಬಾವ ಟವಲಿನಿಂದ ಮುಖ ಒರೆಸಿಕೊಂಡರು, ಆಮೇಲೆ ಟವಲು ಅಲ್ಲಿಂದ ಇಳಿಯಲೇ ಇಲ್ಲ. ಅಕ್ಕ ಮಾತ್ರ ಕಣ್ಣು ಮಿಟುಕಿಸದೆ ನೋಡಿದಳು. ಕೆಲವು ಕಡೆ ತುಟಿ ಆಡಿಸುತ್ತಿದ್ದಳು, ಟಿವಿಯಲ್ಲಿ ಬರುವ ತನ್ನ ಮಾತಿನ ಜೊತೆಗೇ. ಕೋತಿ ಓಡಿಸುವಾಗ ಅವಳ ಭುಜ ಕುಲುಕಿತು. ನಕ್ಕರೆ ಅವಳಿಗೆ ಈಗ ಸದ್ದಿಲ್ಲ, ಕತ್ತಿನ ಬಟ್ಟೆ ಉಬ್ಬಿ ಇಳಿಯುತ್ತದೆ.

ಹೆಸರಿಡುವ ಶಾಸ್ತ್ರ ಬಂದು, ಚಿತ್ರ ಮುಗಿಯಿತು. ನನಗೆ ತಡೆಯಲಾಗಲಿಲ್ಲ.

‘ಅಕ್ಕ, ಕೊನೇದ್ರಲ್ಲಿ ಒಂದಷ್ಟು ಕತ್ತರಿಸಿದ್ದೀನಿ. ನಿನ್ನ ಗಂಟ್ಲು ಕೆಟ್ಟಿದ್ದು ನೋಡಿ ನಾನು ಆಡ್ಕೊಂಡು ನಕ್ಕಿದ್ದೆ. ಅದ ತಗುದ್ಬುಟ್ಟೆ. ಅವತ್ತೇ ನಂಗೆ ಗೊತ್ತಾಗ್ಬೇಕಿತ್ತು ಕಣಕ್ಕ.’

ಅಕ್ಕ ಸ್ಲೇಟು ತೆಗೆದುಕೊಂಡಳು. ಬಹಳ ಹೊತ್ತು ಬರೆದಳು, ಅಳಿಸಿದಳು, ಮತ್ತೆ ಬರೆದು ನನ್ನ ಕಡೆ ತಿರುಗಿಸಿದಳು.

‘ನಂಗೆ ಅದ್ಕೂ ಮುಂಚೇನೆ ಗೊತ್ತಿತ್ತು. ಉಗುದ್ರೆ ರಕ್ತ ಬತ್ತಿತ್ತು. ಬಾಣಂತನ ಮುಗೀಲಿ ಮಗಿನ ಎಸ್ರು ಆಗ್ಲಿ ಅಂತ ಸುಮ್ಕಿದ್ದೆ.’

ನಾನು ಸ್ಲೇಟನ್ನು ಕೈಗೆ ತೆಗೆದುಕೊಂಡು ಓದಿದೆ. ಸ್ಲೇಟನ್ನು ಮಗಳು ನನ್ನ ಕೈಯಿಂದ ಕಿತ್ತುಕೊಂಡು ಓದಿದಳು. ಕೂಸನ್ನು ನನ್ನ ಮಡಿಲಿಗೆ ಹಾಕಿ ಎದ್ದು ನಿಂತಳು.

‘ನಿನ್ನ ಯಾರವ್ವ ಕೇಳಿದ್ರು ಸುಮ್ಕಿರು ಅಂತ? ನಾನ್ ಕೇಳಿದ್ನಾ? ನಂಗೆ ಬಿಸ್ನೀರು ಕಾಸಿ ಕೊಡೋರು ಇನ್ಯಾರೂ ಇರ್ನಿಲ್ವಾ? ಊರೆಲ್ಲಾ ಕೇಳೋ ಅಂಗೆ ಕೂಗ್ತಿದ್ದೆ, ಇದೊಂದ ಬಾಯ್ಬುಟ್ಟು ಏಳಕ್ಕಾಗ್ನಿಲ್ವಾ ನಿಂಗೆ?’

ಬಾವ ‘ಸಾಕು ಬುಡವ್ವ’ ಅಂದರು. ಅವಳು ಹಿತ್ತಿಲಿಗೆ ಹೋದಳು. ಒಗೆಯುವ ಕಲ್ಲಿನ ಮೇಲೆ ಕೂತು ಅಳುವುದು ಕೇಳುತ್ತಿತ್ತು. ಅಕ್ಕ ಎದ್ದು ಹೋಗಿ ಅವಳ ಹಿಂದೆ ನಿಂತು, ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ನಾವು ಕಿಟಕಿಯಿಂದ ನೋಡಿದೆವು, ಹೊರಗೆ ಹೋಗಲಿಲ್ಲ. ಅರ್ಧ ಗಂಟೆಯ ಮೇಲೆ ಇಬ್ಬರೂ ಒಳಗೆ ಬಂದರು. ಮಗಳು ಕಾಫಿಗೆ ನೀರಿಟ್ಟಳು. ಅಕ್ಕ ಸ್ಲೇಟನ್ನು ಸೆರಗಿನಲ್ಲಿ ಒರೆಸಿ ನನಗೆ ಇನ್ನೊಂದು ಸಾಲು ಬರೆದಳು.

‘ನೀನ್ ನಕ್ಕಿದ್ದ ಆಕು.’

‘ಯಾಕಕ್ಕ?’

ಅವಳು ತನ್ನ ಎದೆ ಮುಟ್ಟಿಕೊಂಡು, ಆಮೇಲೆ ಬಾಯಿ ಮುಟ್ಟಿಕೊಂಡು, ನಗುವವಳಂತೆ ಕೈ ಆಡಿಸಿದಳು. ತಾನೂ ನಕ್ಕಿದ್ದೆ ಎಂಬುದು ಅದರ ಅರ್ಥ. ಆ ಆರು ಸೆಕೆಂಡಿನಲ್ಲಿ ಅವಳ ಕೊನೆಯ ನಗುವಿನ ಸದ್ದಿತ್ತು. ನನ್ನ ಮಾತನ್ನು ತೆಗೆಯುವ ಅವಸರದಲ್ಲಿ ನಾನು ಅದನ್ನೂ ತೆಗೆದಿದ್ದೆ. ಮನೆಗೆ ಬಂದ ಮಾರನೆಯ ದಿನವೇ ಆ ತುಣುಕನ್ನು ಮೊದಲಿದ್ದ ಹಾಗೆ ಕೂರಿಸಿದೆ. ಅದನ್ನು ಇವತ್ತಿಗೂ ನಾನು ಕಣ್ಣು ಮುಚ್ಚಿಕೊಂಡೇ ಕೇಳುತ್ತೇನೆ.

ಹದಿನೈದು ದಿನದ ಮೇಲೆ ಬಾವ ಫೋನು ಮಾಡಿದರು. ಅವರು ನನಗೆ ಫೋನು ಮಾಡುವವರೇ ಅಲ್ಲ.

‘ಅಮ್ಮಿ, ನಿಮ್ಮಕ್ಕ ಏನೋ ಬರ್ದವ್ಳೆ. ಆ ಕೋತಿಗೆ ಕೂಗೋದ ಒಂದೇ ಬ್ಯಾರೆ ಮಾಡಿ ತಕ್ಕಬರ್ಬೇಕಂತೆ. ಸೊಪ್ಪು ಮಾರೋರು ಬೈಕಿಗೆ ಕಟ್ಕೊಂಡಿರ್ತಾರಲ್ಲ ಮೈಕು, ಅದ ಹೊಲಕ್ಕೆ ಕಟ್ಟನ ಅಂತಾವ್ಳೆ.’

ಮೊದಲಿಗೆ ನನಗೆ ಸಂಕಟವಾಯಿತು. ಅಷ್ಟು ಜತನದಿಂದ ಸೇರಿಸಿದ ದನಿಯನ್ನು ಕೋತಿಗೆ ಕೇಳಿಸುವುದೇ? ಆದರೆ ಅಕ್ಕನಿಗೆ ಟೊಮೊಟೊ ಹಣ್ಣಿಗೆ ಬಂದಿತ್ತು, ಕೂಗಲು ಗಂಟಲಿಲ್ಲ, ತಟ್ಟೆ ಬಡಿದು ಬಡಿದು ತೋಳು ನೋಯುತ್ತಿತ್ತು. ಆ ತುಣುಕಿನಿಂದ ಮಗಳ ನಗುವನ್ನು ಆದಷ್ಟು ಬೇರ್ಪಡಿಸಿ, ಕೂಗನ್ನು ಜೋರು ಮಾಡಿ, ನಡುವೆ ಮೂರು ಮೂರು ನಿಮಿಷ ಬಿಡುವು ಇಟ್ಟು, ಪೆನ್‌ಡ್ರೈವಿಗೆ ಹಾಕಿದೆ. ಮೈಕನ್ನು ಗುಂಡ್ಲುಪೇಟೆಯಲ್ಲಿ ಕೊಂಡು, ಅಕ್ಕ ತೋರಿಸಿದ ಕಂಬಕ್ಕೆ ಬಾವನೂ ನಾನೂ ಕಟ್ಟಿದೆವು.

ಮೊದಲ ಸಲ ಅದು ಕೂಗಿದಾಗ ಬೇಲಿಯ ಮೇಲಿದ್ದ ಕೋತಿಗಳೆಲ್ಲ ಒಂದೇ ಏಟಿಗೆ ಕಾಡಿನ ಕಡೆ ಹಾರಿದವು. ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಎದ್ದು ನಿಂತರು. ಅವರಲ್ಲಿ ಒಬ್ಬರು ಬಾಯಿಗೆ ಸೆರಗು ಒತ್ತಿಕೊಂಡರು. ಅಕ್ಕ ಹೊಲದ ನಡುವೆ ಸೊಂಟಕ್ಕೆ ಕೈ ಇಟ್ಟುಕೊಂಡು, ತಾನು ಕೂಗುವುದನ್ನು ಕೇಳುತ್ತಾ ನಿಂತಿದ್ದಳು. ಅವಳ ಮುಖದಲ್ಲಿ ದುಃಖ ಕಾಣಲಿಲ್ಲ. ಕೆಲಸ ಸರಿಯಾಯಿತೇ ಎಂದು ನೋಡುವವರ ಮುಖ ಅದು.

ಮುಂದಿನ ಸಲ ನಾನು ಹೋದಾಗ ಕಂಬದಲ್ಲಿ ಮೈಕು ಇರಲಿಲ್ಲ. ಬಾವ ಅದನ್ನು ಬಿಚ್ಚಿ ಕೊಟ್ಟಿಗೆಯಲ್ಲಿ ತೂಗುಹಾಕಿದ್ದರು.

‘ಕೆಟ್ಟೋಯ್ತಾ ಬಾವ?’

‘ಇಲ್ಲ ಕಣಮ್ಮಿ. ನಾಕ್ ದಿನ ಅಂಜಿದ್ವು. ಆಮ್ಯಾಕೆ ಮೈಕಿನ ಮ್ಯಾಲೇ ಬಂದು ಕೂತ್ಕತಿದ್ವು.’ ಅವರು ಹಗ್ಗ ಹೊಸೆಯತೊಡಗಿದರು. ‘ಕೇಳುಸ್ತಾ, ಬಾ ಬ್ಯಾಗ ಅಂತದಲ್ಲ ಅದು? ನಾನು ಅಟ್ಟಿ ಜಗಲೀಲಿ ಕೂತಿರ್ತೀನಿ, ಬಂದೆ ತಡಿಯೇ ಅಂತ ಎದ್ಬುಡ್ತೀನಿ. ಅರ್ಧ ದಾರಿಗೋದ್ ಮ್ಯಾಲೆ ಗ್ಯಾನ ಬತ್ತದೆ. ಕೋತಿ ಕೇಳೋದ ಬುಟ್ಬುಟ್ಟವೆ, ದಿನಾ ಓಡೋದು ನಾನೊಬ್ನೆ.’

ಅಕ್ಕನಿಗೆ ಹೇಳಬೇಡ ಎಂದು ಅವರು ಕೇಳಿಕೊಳ್ಳಲಿಲ್ಲ. ಆದರೂ ನಾನು ಹೇಳಲಿಲ್ಲ. ಮೈಕು ಯಾಕೆ ಬಿಚ್ಚಿದರೆಂದು ಅಕ್ಕನೂ ಕೇಳಿದ ಹಾಗಿಲ್ಲ. ಅವಳೀಗ ಟೊಮೊಟೊ ಬಿಟ್ಟು ಚೆಂಡುಹೂ ಹಾಕಿದ್ದಾಳೆ, ಅದಕ್ಕೆ ಕೋತಿ ಬರುವುದಿಲ್ಲ.

ಕೂಸಿಗೆ ಈಗ ಎರಡು ವರ್ಷ ದಾಟಿದೆ. ಮಾತು ಕಲಿಯುತ್ತಿದ್ದಾಳೆ. ಅಜ್ಜಿ ಚಪ್ಪಾಳೆ ತಟ್ಟಿದರೆ ಎಲ್ಲಿದ್ದರೂ ಓಡಿ ಬರುತ್ತಾಳೆ. ತನಗೇನಾದರೂ ಬೇಕಾದರೆ ತಾನೂ ಅಜ್ಜಿಯ ಎದುರು ಚಪ್ಪಾಳೆ ತಟ್ಟುತ್ತಾಳೆ. ಹೋದ ತಿಂಗಳು ಅವಳು ಹಠ ಮಾಡಿದಾಗ ಸಮಾಧಾನಕ್ಕೆ ಬಾವ ನನ್ನ ಫೋನಿನಲ್ಲಿದ್ದ ಆ ಹನ್ನೊಂದು ನಿಮಿಷವನ್ನು ಹಾಕಿಕೊಟ್ಟರು. ಛತ್ರದ ಬಾಗಿಲಲ್ಲಿ ಕೂಗು ಕೇಳಿದ್ದೇ ಕೂಸು ಫೋನು ದೂರ ಹಿಡಿದು ‘ಯಾಲು?’ ಎಂದು ಕೇಳಿತು.

‘ನಿಮ್ಮಜ್ಜಿ ಕಣಮ್ಮಿ’ ಅಂದರು ಬಾವ. ‘ನಿಮ್ಮಜ್ಜಿ ಮಾತಾಡ್ತಾ ಅವ್ಳೆ.’

ಕೂಸು ನಂಬಲಿಲ್ಲ. ಎದ್ದು ಹೋಗಿ, ಅಕ್ಕಿ ಆರಿಸುತ್ತಿದ್ದ ಅಕ್ಕನ ಗಲ್ಲ ಹಿಡಿದು ಬಾಯಿಯನ್ನು ಬೆರಳಿನಿಂದ ತೆರೆಯಲು ನೋಡಿತು. ಅಕ್ಕ ಮೊರವನ್ನು ಪಕ್ಕಕ್ಕಿಟ್ಟು, ಬೆಳಕಿನ ಕಡೆ ತಿರುಗಿ, ಬಾಯಿ ಅಗಲವಾಗಿ ತೆರೆದು ತೋರಿಸಿದಳು. ಕೂಸು ಒಳಗೆಲ್ಲ ಬಗ್ಗಿ ನೋಡಿತು. ಆಮೇಲೆ ಕತ್ತಿನ ಬಟ್ಟೆಯ ಮೇಲೆ ಅಂಗೈ ಇಟ್ಟು, ಅದು ಉಬ್ಬಿ ಇಳಿಯುವುದನ್ನು ನೋಡುತ್ತಾ ಅಲ್ಲೇ ಕೂತಿತು.

ನಾನು ಈಗ ಹೋದಾಗೆಲ್ಲ ಅಕ್ಕನನ್ನು ಫೋನಿನಲ್ಲಿ ತೆಗೆಯುತ್ತೇನೆ. ಅದನ್ನೂ ತೆಗೆದುಕೊಂಡೆ. ಹೂ ಬಿಡಿಸುವುದು, ಹಾಲು ಕರೆಯುವುದು, ಬರೆಯುವುದು, ಬಾವನಿಗೆ ಕೈಯಲ್ಲೇ ಬಯ್ಯುವುದು ಎಲ್ಲ ಇವೆ. ಮೊದಮೊದಲು ಇವುಗಳಲ್ಲಿ ಅವಳ ಕತ್ತಿನಿಂದ ಬರುವ ಉಸಿರಿನ ಸದ್ದು ಕೇಳಲಾಗದೆ ಸೌಂಡನ್ನು ಪೂರ್ತಿ ತೆಗೆದುಬಿಡುತ್ತಿದ್ದೆ. ಈಚೆಗೆ ಸೌಂಡನ್ನು ಹಾಗೇ ಬಿಟ್ಟಿದ್ದೇನೆ. ಬೆಳಿಗ್ಗೆ ಇಯರ್‌ಫೋನ್ ಹಾಕಿಕೊಂಡು ಕೂತರೆ, ಮೊರದಲ್ಲಿ ಅಕ್ಕಿ ಹಾರುವ ಸದ್ದು, ಕೂಸಿನ ತೊದಲು, ಅದರ ಜೊತೆಗೆ ಆ ಉಸಿರು, ನಿಧಾನಕ್ಕೆ, ತಪ್ಪದೆ ಕೇಳುತ್ತದೆ.